ಸೀಟಿ ಊದಿದರೆ ಮಾತು ಬರುವ ಹುಡುಗ

ಮಾತೇ ಇಲ್ಲದ ಸಿನಿಮಾದಲ್ಲಿ ಉಗ್ಗುವ ನಾಯಕ!

ಎಂಥ ಯೋಚನೆ ಇದು! ಪರದೆಯ ಮೇಲಿರುವವರೆಲ್ಲ ಮೂಕರೇ. ಅವರ ನಡುವೆ ಇವನೊಬ್ಬನಿಗೆ ಮಾತು ಹೊರಡುವುದಿಲ್ಲ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಕಿವಿಗೆ ಬೀಳದ ಉಗ್ಗನ್ನು ಕಣ್ಣಿಗೆ ಕಾಣಿಸುವುದು ಹೇಗೆ? ಕಾಣಿಸಿದ್ದಾರೆ! ನೂರು ವರ್ಷದ ಹಿಂದೆಯೇ ಕಾಣಿಸಿಬಿಟ್ಟಿದ್ದಾರೆ. ಅದನ್ನು ನೋಡಿದ ರಾತ್ರಿಯಿಂದ ನನಗೆ ಸಿಕ್ಕವರಿಗೆಲ್ಲ ಇದೇ ಕಥೆ ಹೇಳುವ ಹುಚ್ಚು ಹಿಡಿದಿದೆ. ಈಗ ನೀವು ಸಿಕ್ಕಿದ್ದೀರಿ.

ಸಿನಿಮಾದ ಹೆಸರು ‘ಗರ್ಲ್ ಶೈ’. ಹುಡುಗಿಯರನ್ನು ಕಂಡರೆ ನಾಚಿ ಸಾಯುವವನು ಎಂದು ಅರ್ಥ. 1924ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಹೆರಾಲ್ಡ್ ಲಾಯ್ಡ್ ನಾಯಕ, ಜೊಬೈನಾ ರಾಲ್‌ಸ್ಟನ್ ನಾಯಕಿ, ಫ್ರೆಡ್ ನ್ಯೂಮೇಯರ್ ಮತ್ತು ಸ್ಯಾಮ್ ಟೇಲರ್ ನಿರ್ದೇಶಕರು. ಹಾಲಿವುಡ್ ‘ದ ಜಾಝ್ ಸಿಂಗರ್’ ತೆಗೆದು ಬಾಯಿ ಬಿಡುವುದಕ್ಕೆ ಇನ್ನೂ ಮೂರು ವರ್ಷ ಇತ್ತು. ನಮ್ಮ ‘ಸತಿ ಸುಲೋಚನ’ ಬಂದು ಪರದೆ ಕನ್ನಡದಲ್ಲಿ ಮಾತಾಡುವುದಕ್ಕೆ ಹತ್ತು ವರ್ಷ ಬಾಕಿ.

ಎತ್ತರದ ಕಟ್ಟಡದ ಮೇಲೆ, ದೊಡ್ಡ ಗಡಿಯಾರದ ಮುಳ್ಳು ಹಿಡಿದು ಜೋತುಬಿದ್ದ ಕನ್ನಡಕದ ಮನುಷ್ಯನ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. 1923ರ ‘ಸೇಫ್ಟಿ ಲಾಸ್ಟ್’ ಚಿತ್ರದ ದೃಶ್ಯ ಅದು. ಅವರೇ ಹೆರಾಲ್ಡ್ ಲಾಯ್ಡ್. ನನಗೂ ಅವರು ಅಷ್ಟೇ ಗೊತ್ತಿದ್ದರು, ಗಡಿಯಾರಕ್ಕೆ ಜೋತುಬಿದ್ದವರು. ಅದರ ಮರುವರ್ಷವೇ ಅವರು ಒಂದು ಪ್ರೇಮಕಥೆ ತೆಗೆದಿದ್ದಾರೆ, ಆ ಕಥೆ ಇವತ್ತಿಗೂ ಎದೆಯೊಳಗೆ ಕೈ ಹಾಕುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮಳೆಗಾಲದ ಒಂದು ರಾತ್ರಿ, ಊಟ ಮುಗಿದ ಮೇಲೆ, ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡಲು ಕೂತೆ. ತಿಪಟೂರಿನಿಂದ ದೊಡ್ಡಮ್ಮ ಬಂದಿದ್ದರು. ಮಲಗುವ ಮುಂಚೆ ನೀರು ಕುಡಿಯಲು ಎದ್ದವರು ನನ್ನ ಹಿಂದೆ ನಿಂತರು.

“ಏನೇ ಇದು, ಸೌಂಡೇ ಬರ್ತಿಲ್ಲ? ಕೆಟ್ಟೋಗೈತಾ?”

“ಇಲ್ಲ ದೊಡ್ಡಮ್ಮ, ಇದು ಮೂಕಿ ಸಿನಿಮಾ. ಮಾತು ಇರಲ್ಲ.”

“ಮಾತಿಲ್ದೆ ಏನ್ ತಿಳೀತದೆ?” ಎಂದು ಹೋಗಲು ತಿರುಗಿದವರು, ತಿರುಗಿದಲ್ಲೇ ನಿಂತರು. ಪರದೆಯ ಮೇಲೆ ಒಬ್ಬ ಹುಡುಗ ಬಾಯಿ ತೆರೆದಿದ್ದ. ತುಟಿ ನಡುಗುತ್ತಿತ್ತು. ಗದ್ದ ಮುಂದಕ್ಕೆ ಬಂತು, ಕತ್ತು ಬಿಗಿಯಿತು, ಹುಬ್ಬು ಮೇಲೆ ಹೋಯಿತು, ಭುಜ ಸಮೇತ ಇಡೀ ಮೈ ಒಂದೇ ಒಂದು ಅಕ್ಷರವನ್ನು ಹೊರಗೆ ತಳ್ಳಲು ಹೆಣಗುತ್ತಿತ್ತು. ಅಕ್ಷರ ಬರಲಿಲ್ಲ.

“ಅಯ್ಯೋ ಪಾಪ, ಉಗ್ಗು ಹುಡುಗ” ಎಂದು ದೊಡ್ಡಮ್ಮ ನನ್ನ ಪಕ್ಕ ಕೂತರು. ಲೋಟ ಅವರ ಕೈಯಲ್ಲೇ ಇತ್ತು.

ಒಂದು ಸದ್ದಿಲ್ಲ, ಗೊತ್ತಿರುವ ಭಾಷೆಯ ಒಂದು ಅಕ್ಷರವಿಲ್ಲ. ಆದರೂ ತಿಪಟೂರಿನ ಹೆಂಗಸಿಗೆ ಲಾಸ್ ಏಂಜಲೀಸ್‌ನ ನಟನ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಕಾಣಿಸಿತು!

ಕಥೆ ಸರಳ. ಲಿಟಲ್ ಬೆಂಡ್ ಎಂಬ ಸಣ್ಣ ಊರು. ಅಲ್ಲಿ ಚಿಕ್ಕಪ್ಪನ ಟೈಲರ್ ಅಂಗಡಿ. ಹೆರಾಲ್ಡ್ ಮೆಡೋಸ್ ಅಲ್ಲಿ ಕೆಲಸ ಕಲಿಯುವ ಹುಡುಗ. ಹುಡುಗಿ ಹತ್ತಿರ ಬಂದರೆ ಸಾಕು, ಕೈಕಾಲು ಸೋಲುತ್ತವೆ, ನಾಲಗೆ ಕಟ್ಟಿಕೊಳ್ಳುತ್ತದೆ. ಆ ಗಂಟು ಬಿಡಿಸುವುದು ಒಂದೇ ಒಂದು: ಸೀಟಿ. ಯಾರಾದರೂ ಸೀಟಿ ಊದಿದರೆ ಸಿಕ್ಕಿಕೊಂಡ ಮಾತು ಸರಕ್ಕನೆ ಹೊರಬರುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಿ, ನನ್ನ ಜೊತೆ ಬೆರಗಾಗಿ. ಮೂಕಿ ಚಿತ್ರದಲ್ಲಿ ಸೀಟಿ! ಆ ಸದ್ದು ಫಿಲ್ಮಿನಲ್ಲಿ ಇಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಊದುವ ಕೆನ್ನೆ ಕಾಣುತ್ತದೆ, ಹೆರಾಲ್ಡ್ ಬೆಚ್ಚುವುದು ಕಾಣುತ್ತದೆ, ಮರುಕ್ಷಣ ಅವನ ಬಾಯಿ ಹಗುರವಾಗಿ ಆಡುವುದು ಕಾಣುತ್ತದೆ. ನಡುವಿನ ಸದ್ದನ್ನು ನಾವೇ ನಮ್ಮ ತಲೆಯೊಳಗೆ ಊದಿಕೊಳ್ಳುತ್ತೇವೆ. ಅವತ್ತಿನ ಥಿಯೇಟರುಗಳಲ್ಲಿ ಪರದೆಯ ಮುಂದೆ ಪಿಯಾನೊ ನುಡಿಸುವವರು ಕೂತಿರುತ್ತಿದ್ದರು, ದೊಡ್ಡ ಊರುಗಳಲ್ಲಿ ಆರ್ಗನ್ ಅಥವಾ ವಾದ್ಯವೃಂದವೇ ಇರುತ್ತಿತ್ತು. ಆ ಸಂಗೀತ ಏನೇ ಇರಲಿ, ಈ ಸೀಟಿ ಮಾತ್ರ ಪ್ರೇಕ್ಷಕರೊಳಗೇ ಹುಟ್ಟಬೇಕು. ದೊಡ್ಡಮ್ಮನಿಗೂ ಕೇಳಿಸಿತೇನೋ, ತಲೆ ಆಡಿಸಿದರು.

ಹೆರಾಲ್ಡ್‌ಗೆ ಒಂದು ಗುಟ್ಟಿದೆ. ಹುಡುಗಿಯರ ಜೊತೆ ಎರಡು ಮಾತಾಡಲಾಗದ ಈ ಹುಡುಗ ರಾತ್ರಿಯೆಲ್ಲ ಕೂತು ಪುಸ್ತಕ ಬರೆಯುತ್ತಾನೆ. ಹೆಸರು ‘ಪ್ರೀತಿ ಮಾಡುವ ಗುಟ್ಟು’! ಎಂಥ ಹೆಂಗಸನ್ನು ಹೇಗೆ ಒಲಿಸಿಕೊಳ್ಳಬೇಕು ಎಂದು ಗಂಡಸರಿಗೆ ಪಾಠ ಹೇಳುವ ಪುಸ್ತಕ. ಗಂಡಸರನ್ನು ಬಲೆಗೆ ಹಾಕುವ ಮಾಯಗಾತಿಗೆ ಅಸಡ್ಡೆಯೇ ಮದ್ದು, ಕೂದಲು ಕತ್ತರಿಸಿಕೊಂಡ ಜಾಝ್ ಕಾಲದ ಹುಡುಗಿಗೆ ಗುಹಾಮಾನವನ ಒರಟುತನವೇ ಮದ್ದು ಎಂದು ಅಧ್ಯಾಯ ಅಧ್ಯಾಯವಾಗಿ ಬರೆಯುತ್ತಾನೆ. ಬರೆದದ್ದೆಲ್ಲ ಕನಸಾಗಿ ಪರದೆಯ ಮೇಲೆ ನಡೆಯುತ್ತದೆ. ಅಲ್ಲಿ ಅವನು ಧೀರ, ಹೆಂಗಸರು ಅವನ ಕಾಲು ಹಿಡಿಯುತ್ತಾರೆ.

ಆ ಒರಟುತನದ ಅಧ್ಯಾಯ ನೋಡುವಾಗ ನನಗೆ ಇರುಸುಮುರುಸಾಯಿತು. ಹೆಂಗಸಿನ ಮೇಲೆ ಕೈ ಮಾಡುವುದನ್ನು ತಮಾಷೆಯೆಂದು ತೋರಿಸಿದ ಕಾಲ ಅದು, ಮುಚ್ಚಿಡಬೇಕಿಲ್ಲ. ಆದರೆ ಚಿತ್ರ ನಗುವುದು ಆ ಹುಡುಗನ ಅಜ್ಞಾನಕ್ಕೆ. ಒಬ್ಬ ಹುಡುಗಿಯ ಕಣ್ಣನ್ನೂ ನೆಟ್ಟಗೆ ನೋಡದವನು ಹುಡುಗಿಯರ ಬಗ್ಗೆ ಬರೆದರೆ ಹೀಗಿರುತ್ತದೆ ಎಂದು ತೋರಿಸಿ, ಮುಂದೆ ನಿಜವಾದ ಒಬ್ಬಳು ಹುಡುಗಿಯನ್ನು ಅವನ ಪಕ್ಕದ ಸೀಟಿನಲ್ಲಿ ತಂದು ಕೂರಿಸುತ್ತದೆ. ಪುಸ್ತಕದ ಒಂದು ಸಾಲೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆ ರೈಲು! ಹಸ್ತಪ್ರತಿ ಹಿಡಿದು ಪ್ರಕಾಶಕರ ಹತ್ತಿರ ಲಾಸ್ ಏಂಜಲೀಸ್‌ಗೆ ಹೊರಟಿದ್ದಾನೆ. ಅದೇ ರೈಲಿಗೆ ಮೇರಿ ಹತ್ತುತ್ತಾಳೆ, ಶ್ರೀಮಂತರ ಮನೆಯ ಹುಡುಗಿ, ಕೈಯಲ್ಲಿ ಪುಟ್ಟ ಪಾಮರೇನಿಯನ್ ನಾಯಿ. ರೈಲಿನಲ್ಲಿ ನಾಯಿಗೆ ಜಾಗವಿಲ್ಲ. ರೈಲು ಹೊರಟಾಗ ನಾಯಿ ಕೆಳಗೇ ಉಳಿಯುತ್ತದೆ. ಹೆರಾಲ್ಡ್ ತನ್ನ ಬೆತ್ತದ ಕೊಕ್ಕೆಯಿಂದ ಅದನ್ನು ಎತ್ತಿಕೊಂಡುಬಿಡುತ್ತಾನೆ! ಯೋಚನೆ ಮಾಡಲು ಹೊತ್ತು ಸಿಕ್ಕಿದ್ದರೆ ನಾಚಿಕೆ ಅವನನ್ನು ಹಿಡಿದುಬಿಡುತ್ತಿತ್ತು. ಸಿಗಲಿಲ್ಲ, ಅದಕ್ಕೇ ಮಾಡಿದ. ಆಮೇಲೆ ಟಿಕೆಟ್ ನೋಡುವವನ ಕಣ್ಣಿಗೆ ಬೀಳದಂತೆ ನಾಯಿಯನ್ನು ಬಚ್ಚಿಡುವ ಪಾಡು. ಬಚ್ಚಿಡುತ್ತ ಬಚ್ಚಿಡುತ್ತ ಅವನೂ ಅವಳೂ ಒಂದೇ ಸೀಟಿನ ಒಂದೇ ಗುಟ್ಟಿನ ಪಾಲುದಾರರಾಗುತ್ತಾರೆ.

ಅವಳು ಪುಸ್ತಕದ ಬಗ್ಗೆ ಕೇಳುತ್ತಾಳೆ. ಅವನು ಹೇಳುತ್ತಾನೆ, ಉಗ್ಗುತ್ತ, ತಡವರಿಸುತ್ತ. ಇಲ್ಲಿ ಜೊಬೈನಾ ರಾಲ್‌ಸ್ಟನ್ ಅವರ ಮುಖ ನೋಡಬೇಕು. ನಾನು ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದೆ, ಲಾಯ್ಡ್ ಅವರನ್ನು ಬಿಟ್ಟು ಬರೀ ಅವರನ್ನೇ. ನಗುವುದಿಲ್ಲ, ಆತುರಪಡುವುದಿಲ್ಲ, ಅವನ ಮಾತನ್ನು ತಾನೇ ಪೂರ್ತಿ ಮಾಡಿ ಕೊಡುವುದಿಲ್ಲ. ಅಕ್ಷರ ಬರುವ ತನಕ ಕಾಯುತ್ತಾಳೆ ಅಷ್ಟೇ. ಉಗ್ಗುವವರನ್ನು ಹತ್ತಿರದಿಂದ ಬಲ್ಲವರಿಗೆ ಗೊತ್ತು, ಹಾಗೆ ಕಾಯುವವರು ಎಷ್ಟು ವಿರಳ ಎಂದು. ಜೊಬೈನಾ ಅವರು ಲಾಯ್ಡ್ ಜೊತೆ ಆರು ದೊಡ್ಡ ಚಿತ್ರಗಳಲ್ಲಿ ನಟಿಸಿದರು, ಇದು ಎರಡನೆಯದು. ಕೇಳಿಸಿಕೊಳ್ಳುವುದನ್ನು ಅಭಿನಯಿಸುವುದು, ಅದೂ ಸದ್ದೇ ಇಲ್ಲದ ಕಡೆ! ಅವರಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಎಂದೇ ನನ್ನ ಅನಿಸಿಕೆ.

ರೈಲು ಇಳಿದು ಬೇರೆಯಾಗುವಾಗ ಇಬ್ಬರ ಕೈಯಲ್ಲೂ ಒಂದೊಂದು ರಟ್ಟಿನ ಡಬ್ಬಿ ಉಳಿಯುತ್ತದೆ. ಅವನು ಕೊಡಿಸಿದ ಕ್ರ್ಯಾಕರ್ ಜ್ಯಾಕ್ ಡಬ್ಬಿ ಅವಳ ಹತ್ತಿರ. ಅದು ಕಡಲೆಬೀಜ, ಪಾಪ್‌ಕಾರ್ನ್ ಸೇರಿಸಿ ಪಾಕ ಹಿಡಿಸಿದ ತಿಂಡಿ, ಅಲ್ಲಿನ ಜಾತ್ರೆ, ಆಟದ ಮೈದಾನಗಳಲ್ಲಿ ಮಾರುವಂಥದ್ದು. ನಾಯಿ ಬಿಸ್ಕತ್ತಿನ ಡಬ್ಬಿ ಅವನ ಹತ್ತಿರ. ತಾಜಮಹಲಲ್ಲ, ಉಂಗುರವಲ್ಲ, ಗುಲಾಬಿಯೂ ಅಲ್ಲ. ನಾಯಿ ಬಿಸ್ಕತ್ತಿನ ಖಾಲಿ ಡಬ್ಬಿ! ಅದನ್ನು ಅವನು ದೇವರ ಪಟದಂತೆ ಕಾಪಾಡುತ್ತಾನೆ. ಅವಳೂ ತನ್ನದನ್ನು ಎಸೆದಿರುವುದಿಲ್ಲ. ಇಬ್ಬರೂ ಉಳಿಸಿಕೊಂಡಿದ್ದಾರೆ ಎನ್ನುವುದು ನಮಗೆ ಮೊದಲೇ ಗೊತ್ತಾಗುತ್ತದೆ, ಅವರಿಗೆ ಮಾತ್ರ ಗೊತ್ತಿಲ್ಲ. ನಡುವಿನ ಆ ಹೊತ್ತಿನಲ್ಲಿ ನನಗಂತೂ ಲ್ಯಾಪ್‌ಟಾಪಿನ ಒಳಗೆ ಕೈ ಹಾಕಿ ಅವನ ಭುಜ ಹಿಡಿದು ಹೇಳಬೇಕೆನಿಸಿತು.

ಡಬ್ಬಿ ನೋಡಿದಾಗ ‘ಪುಷ್ಪಕ ವಿಮಾನ’ ನೆನಪಾಯಿತು. 1987ರಲ್ಲಿ ಸಿಂಗೀತಂ ಶ್ರೀನಿವಾಸರಾಯರು ಬೆಂಗಳೂರಿನಲ್ಲೇ ತೆಗೆದ, ಒಂದೂ ಸಂಭಾಷಣೆಯಿಲ್ಲದ ಚಿತ್ರ. ಕೊನೆಯಲ್ಲಿ ಅಮಲಾ ಎಸೆದ ವಿಳಾಸದ ಚೀಟಿ ಗಾಳಿಗೆ ಹಾರಿ ಚರಂಡಿಗೆ ಬೀಳುತ್ತದಲ್ಲ, ಕಮಲಹಾಸನ್ ನೋಡುತ್ತ ನಿಲ್ಲುತ್ತಾರಲ್ಲ, ಆ ನೋವು ನಮ್ಮ ಪೀಳಿಗೆಗೆ ಚೆನ್ನಾಗಿ ಗೊತ್ತು. ಒಂದು ತುಂಡು ಕಾಗದಕ್ಕೆ ಇಡೀ ಪ್ರೀತಿಯ ಭಾರ ಹೊರಿಸುವುದು ಮಾತಿಲ್ಲದ ಚಿತ್ರಕ್ಕೆ ಮಾತ್ರ ಒಲಿದ ವಿದ್ಯೆ. ಪುಷ್ಪಕವನ್ನು ಬೆರಗಿನಿಂದ ನೋಡಿದವರಿಗೆಲ್ಲ ‘ಗರ್ಲ್ ಶೈ’ ತಮ್ಮದೇ ಮನೆಯ ಹಳೆಯ ಫೋಟೊ ಸಿಕ್ಕಂತೆ ಅನಿಸೀತು.

ಇಷ್ಟು ಹೊತ್ತಿಗೆ ದೊಡ್ಡಮ್ಮ ನಿದ್ದೆ ಮರೆತಿದ್ದರು. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವರು ಅವರು, ಬ್ಲೌಸು, ಲಂಗ, ಶಾಲೆ ಮಕ್ಕಳ ಯೂನಿಫಾರಂ ಎಲ್ಲ. ತೆರೆಯ ಮೇಲೊಬ್ಬ ಟೈಲರ್ ಹುಡುಗ ಸಿಕ್ಕಿದ್ದೇ ಅವರಿಗೆ ಖುಷಿ. ಇದ್ದಕ್ಕಿದ್ದಂತೆ ಅಂದರು:

“ಅವನ ಬಲಗೈ ನೋಡೇ. ಹೆಬ್ಬೆರಳು ಆಡ್ತಾನೇ ಇಲ್ಲ.”

ನಾನು ಗಮನಿಸಿರಲಿಲ್ಲ. ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡಿದೆ. ಮೈಯೆಲ್ಲ ಕುಣಿಯುವ ಮನುಷ್ಯನ ಬಲಗೈ ಒಂದೇ ಒಂಚೂರು ಬಿಗಿ. ಹುಡುಕಿದೆ. ಹುಡುಕಿ ಸಿಕ್ಕಿದ್ದನ್ನು ಓದಿ ಕೂತಲ್ಲೇ ಕೂತುಬಿಟ್ಟೆ.

1919ರ ಆಗಸ್ಟ್. ಪ್ರಚಾರದ ಫೋಟೊ ತೆಗೆಸಿಕೊಳ್ಳುತ್ತಿದ್ದ ಲಾಯ್ಡ್ ಕೈಯಲ್ಲಿ ಆಟದ ಬಾಂಬ್ ಒಂದಿತ್ತು. ಆಟದ್ದೆಂದು ಎಲ್ಲರೂ ತಿಳಿದಿದ್ದರು. ಅದು ಸಿಡಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಕೆಲಕಾಲ ಕಣ್ಣೂ ಕಾಣುತ್ತಿರಲಿಲ್ಲ. ಗಾಯ ಮಾಗಿದ ಮೇಲೆ ಚರ್ಮದ ಬಣ್ಣದ ಕೈಗವಸು ಮಾಡಿಸಿ, ಅದರಲ್ಲಿ ಹುಸಿ ಬೆರಳು ಇಡಿಸಿಕೊಂಡು ಅವರು ಮತ್ತೆ ಕ್ಯಾಮೆರಾ ಮುಂದೆ ನಿಂತರು. ಗಡಿಯಾರದ ಮುಳ್ಳಿಗೆ ಜೋತುಬಿದ್ದದ್ದು ಆ ಕೈಯಲ್ಲಿ! ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ತಮ್ಮ ಬಲಗೈ ಎತ್ತಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಸೂಜಿ ಹಿಡಿಯುವ ಹಾಗೆ ಒಂದಕ್ಕೊಂದು ಒತ್ತಿ ನೋಡಿಕೊಂಡರು. “ಇವೆರಡು ಇಲ್ದಿದ್ರೆ ಸೂಜಿ ಹೆಂಗೆ ಹಿಡಿಯೋದು?” ಎಂದರು.

ಹೌದಲ್ಲ! ಟೈಲರಿಗೆ ಬೇಕಾದ ಎರಡೇ ಬೆರಳು ಅವು. ಅವೆರಡನ್ನೇ ಕಳೆದುಕೊಂಡ ಮನುಷ್ಯ ಟೈಲರ್ ಪಾತ್ರ ಆರಿಸಿಕೊಂಡರು. ಹಲವು ವರ್ಷ ಹಾಲ್ ರೋಚ್ ಅವರ ನಿರ್ಮಾಣದಲ್ಲಿ ಕೆಲಸ ಮಾಡಿ ಹೊರಬಂದು, ಸ್ವಂತ ಕಂಪನಿಯಿಂದ ತೆಗೆದ ಮೊದಲ ಚಿತ್ರದಲ್ಲೇ ಆರಿಸಿಕೊಂಡರು. ನಾಲಗೆ ಕಟ್ಟಿದ ಹುಡುಗ ಹೊರಗೆ ಕಾಣುವವನು, ಬೆರಳಿಲ್ಲದ ಕೈ ಒಳಗೆ ಮುಚ್ಚಿಟ್ಟದ್ದು. ಈ ಸಂಗತಿ ಗೊತ್ತಾದ ಮೇಲೆ ನಾನು ಚಿತ್ರವನ್ನು ಮೊದಲಿಂದ ಮತ್ತೊಮ್ಮೆ ನೋಡಿದೆ, ಅದು ಬೇರೆಯದೇ ಸಿನಿಮಾ ಆಗಿತ್ತು.

ಆ ಕಾಲದ ಇನ್ನಿಬ್ಬರು ನಗೆನಟರನ್ನು ನೋಡಿ: ಚಾಪ್ಲಿನ್‌ಗೆ ಮನೆಯಿಲ್ಲ, ಕೀಟನ್ ಮುಖದಲ್ಲಿ ನಗುವಿಲ್ಲ. ಇಬ್ಬರೂ ನಮ್ಮಿಂದ ಒಂದು ಹೆಜ್ಜೆ ಆಚೆ ನಿಂತವರು. ಲಾಯ್ಡ್ ಪಕ್ಕದ ಮನೆಯ ಹುಡುಗ. ಗಾಜೇ ಇಲ್ಲದ ಆ ದುಂಡು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಅವರೇ ತಮ್ಮ ಚಿತ್ರಗಳನ್ನು ಎರಡಾಗಿ ವಿಂಗಡಿಸಿಕೊಂಡಿದ್ದರು, ತಮಾಷೆಯ ಮೇಲೆ ತಮಾಷೆ ಪೋಣಿಸಿದವು ಒಂದು ಬಗೆ, ಒಬ್ಬ ಮನುಷ್ಯನ ಸ್ವಭಾವದಿಂದ ತಮಾಷೆ ಹುಟ್ಟುವವು ಇನ್ನೊಂದು ಬಗೆ. ‘ಗರ್ಲ್ ಶೈ’ ಎರಡನೆಯ ಬಗೆಯದು. ನಾಚಿಕೆ ತೆಗೆದುಬಿಟ್ಟರೆ ಇದರಲ್ಲಿ ನಗುವುದಕ್ಕೆ ಏನೂ ಉಳಿಯುವುದಿಲ್ಲ, ಅಳುವುದಕ್ಕೂ.

ಅಳು ಬರುತ್ತದೆ. ನದಿಯ ಹತ್ತಿರ ಅವಳು ಮತ್ತೆ ಸಿಗುತ್ತಾಳೆ. ನೀರಿನಲ್ಲಿ ಅವಳ ನೆರಳು ಕಂಡು, ತನ್ನ ಹಗಲುಗನಸು ಎಂದುಕೊಳ್ಳುತ್ತಾನೆ ಅವನು! ಅವಳನ್ನೇ ನೆನೆಯುತ್ತಿದ್ದವನಿಗೆ ಅವಳೇ ಬಂದರೂ ನಂಬಿಕೆಯಿಲ್ಲ. ಡಬ್ಬಿಗಳು ಹೊರಬರುತ್ತವೆ. ಇಬ್ಬರಿಗೂ ತಿಳಿಯುತ್ತದೆ. ಒಂದು ಮಾತೂ ಬೇಕಾಗುವುದಿಲ್ಲ, ಬೇಕಾಗಿದ್ದರೂ ಅವನಿಗೆ ಬರುತ್ತಿರಲಿಲ್ಲ.

ಆಮೇಲೆ ಪ್ರಕಾಶಕರ ಕಚೇರಿ. ಅವನ ಪುಸ್ತಕ ಓದಿದ ಅಲ್ಲಿನವರು ಅವನ ಎದುರೇ ನಗುತ್ತಾರೆ. ಪುಸ್ತಕ ಬೇಡ ಎನ್ನುತ್ತಾರೆ. ಅದರಿಂದ ಬರುವ ಹಣ ನಂಬಿ ಅವಳನ್ನು ಮದುವೆಗೆ ಕೇಳಬೇಕೆಂದಿದ್ದವನು ಈಗ ಬರಿಗೈ. ಹೊರಗೆ ಅವಳು ಕಾಯುತ್ತಿದ್ದಾಳೆ. ಅವಳ ಬದುಕಿಗೆ ತಾನು ಭಾರವಾಗಬಾರದೆಂದು, ನೀನು ನನ್ನ ಪುಸ್ತಕದ ಒಂದು ಅಧ್ಯಾಯ ಅಷ್ಟೇ ಎಂದು ಸುಳ್ಳು ಹೇಳಿ ನಗುತ್ತಾನೆ. ಆ ನಗು! ಬಾಯಿ ನಗುತ್ತದೆ, ಕನ್ನಡಕದ ಹಿಂದಿನ ಕಣ್ಣು ಸತ್ತಿರುತ್ತದೆ. ನಿಜ ಹೇಳಬೇಕಾದಾಗಲೆಲ್ಲ ಉಗ್ಗಿದ ನಾಲಗೆಯಿಂದ ಈ ಸುಳ್ಳು ಹೊರಬಂದದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು. ಅವಳು ನಂಬಿ ಹೊರಟುಹೋಗುತ್ತಾಳೆ. ಬೆನ್ನುಹತ್ತಿದ್ದ ಶ್ರೀಮಂತ ರೊನಾಲ್ಡ್ ಡಿವೋರ್‌ಗೆ ಹೂಂ ಎನ್ನುತ್ತಾಳೆ. ದೊಡ್ಡಮ್ಮ “ಹೇಳ್ಬಿಡೋ ದಡ್ಡ, ಹೇಳ್ಬಿಡೋ” ಎಂದು ಪರದೆಗೆ ಬೈದರು.

ದಡ್ಡ ಎಂದೇ ಪ್ರಕಾಶಕರೂ ತೀರ್ಮಾನಿಸುತ್ತಾರೆ. ಕಚೇರಿಯವರು ಬಿದ್ದು ಬಿದ್ದು ನಕ್ಕ ಪುಸ್ತಕವನ್ನು ನಗೆಪುಸ್ತಕವಾಗಿಯೇ ಅಚ್ಚು ಹಾಕೋಣ ಎಂದು ‘ದಡ್ಡನ ದಿನಚರಿ’ ಎಂದು ಹೆಸರು ಬದಲಿಸಿ, 3,000 ಡಾಲರ್ ಚೆಕ್ ಕಳಿಸುತ್ತಾರೆ. ಹೆರಾಲ್ಡ್ ಅದೂ ತಿರಸ್ಕಾರದ ಪತ್ರವೆಂದು ಒಡೆಯದೆ ಹರಿದು ಹಾಕುತ್ತಾನೆ. ಚೂರು ಜೋಡಿಸಿದಾಗ ತಿಳಿಯುತ್ತದೆ. ಅದೇ ಹೊತ್ತಿಗೆ ಇನ್ನೆರಡು ಸುದ್ದಿ: ಮೇರಿಯ ಮದುವೆ ಇವತ್ತೇ, ಮದುಮಗನಿಗೆ ಆಗಲೇ ಒಬ್ಬಳು ಹೆಂಡತಿ ಇದ್ದಾಳೆ!

ಇನ್ನು ಓಟ. ಕೊನೆಯ ಸುಮಾರು 20 ನಿಮಿಷ. ಇದನ್ನು ಹೇಗೆ ವರ್ಣಿಸಲಿ? ರೈಲು ತಪ್ಪುತ್ತದೆ. ಕಾರು ಹಿಡಿಯುತ್ತಾನೆ, ಅದು ಕೈಕೊಡುತ್ತದೆ. ಇನ್ನೊಂದು ಕಾರು. ಮತ್ತೊಂದು. ಕುದುರೆ. ಬೆಂಕಿ ಆರಿಸುವ ಗಾಡಿ. ಬಿಡಿಸಿಕೊಳ್ಳುತ್ತ ಹೋಗುವ ನೀರಿನ ಕೊಳವೆಗೆ ಜೋತುಬಿದ್ದ ಹೆರಾಲ್ಡ್. ಟ್ರಾಮು! ಓಡಿಸುವವನಿಲ್ಲದ ಟ್ರಾಮು ಬೀದಿ ಸೀಳಿಕೊಂಡು ಹೋಗುವಾಗ ಮೇಲಿನ ವಿದ್ಯುತ್ ತಂತಿಯಿಂದ ಕಂಬಿ ಕಳಚುತ್ತದೆ, ಅದನ್ನು ಮತ್ತೆ ಸಿಕ್ಕಿಸಲು ಇವನು ಛಾವಣಿ ಹತ್ತುತ್ತಾನೆ, ಸಿಕ್ಕಿಸಿದ್ದೇ ತಡ ಟ್ರಾಮು ಮುನ್ನುಗ್ಗುತ್ತದೆ, ಇವನು ಕಂಬಿ ಹಿಡಿದು ಗಾಳಿಯಲ್ಲಿ! ಪೊಲೀಸಿನ ಮೋಟಾರ್ ಸೈಕಲ್. ಕಡೆಗೆ ಎರಡು ಕುದುರೆ ಕಟ್ಟಿದ ಬಂಡಿ, ಅದನ್ನು ಅವನು ನಿಂತು ಹೊಡೆಯುತ್ತಾನೆ, ನೆಲಕ್ಕೆ ತಾಗಿದಂತಿರುವ ಕ್ಯಾಮೆರಾದ ಮೇಲೆಯೇ ಗೊರಸು ಬಂದು ಬೀಳುವಂತಿರುತ್ತದೆ. ಮರುವರ್ಷ ಬಂದ ‘ಬೆನ್ ಹರ್’ ಚಿತ್ರದ ರಥದ ಓಟದ ಜೊತೆ ಈ ಬಂಡಿಯ ಓಟವನ್ನು ಹೋಲಿಸುವವರಿದ್ದಾರೆ. ಎರಡೂ ನೋಡಿದ ನನಗೆ ಬಂಡಿಯೇ ಹೆಚ್ಚು, ಏಕೆಂದರೆ ರಥದಲ್ಲಿರುವವನು ಗೆಲ್ಲಲು ಓಡುತ್ತಾನೆ, ಇವನು ಒಂದು ಮಾತು ಹೇಳಲು ಓಡುತ್ತಾನೆ.

ಇದೆಲ್ಲ ತೆಗೆದದ್ದು ಲಾಸ್ ಏಂಜಲೀಸ್‌ನ ನಿಜವಾದ ಬೀದಿಗಳಲ್ಲಿ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಗ್ರಾಮೊಫೋನಿಗೆ ಕೀ ಕೊಟ್ಟಂತೆ. ನಿಧಾನ ತಿರುಗಿಸಿ ತೆಗೆದದ್ದನ್ನು ಮಾಮೂಲಿ ವೇಗದಲ್ಲಿ ತೋರಿಸಿದರೆ ಓಟ ಇಮ್ಮಡಿಯಾಗುತ್ತದೆ. ಛಾಯಾಗ್ರಾಹಕ ವಾಲ್ಟರ್ ಲುಂಡಿನ್ ಅವರ ಮಣಿಕಟ್ಟಿನಲ್ಲಿತ್ತು ಆ ವೇಗ! ಅಂಚಿನಲ್ಲಿ ಹಾದುಹೋಗುವ ಅಂಗಡಿಯ ಬೋರ್ಡು, ಬೆಚ್ಚಿ ನೋಡುವ ದಾರಿಹೋಕ, ಟ್ರಾಮಿನ ಕಂಬಿ, ಎಲ್ಲವೂ 1924ರವೇ. ಜಾನ್ ಬೆಂಗ್ಟ್‌ಸನ್ ಎಂಬವರು ಲಾಯ್ಡ್ ಚಿತ್ರಗಳ ಇಂಥ ಜಾಗಗಳನ್ನು ಒಂದೊಂದಾಗಿ ಪತ್ತೆಹಚ್ಚಿ ಪುಸ್ತಕವನ್ನೇ ಬರೆದಿದ್ದಾರೆ. ಹುಡುಗಿಯ ಹಿಂದೆ ಓಡುತ್ತ ಓಡುತ್ತ ಒಂದು ಊರಿನ ಹಳೆಯ ರೂಪವನ್ನೇ ಈ ಹುಡುಗ ನಮಗೆ ಉಳಿಸಿಕೊಟ್ಟಿದ್ದಾನೆ.

ನಡುವೆ ನನಗೆ ಹೊಳೆಯಿತು. ಫೋನ್ ಮಾಡಿ ಮದುವೆ ನಿಲ್ಲಿಸುವುದು ಇವನಿಂದ ಆಗುವ ಕೆಲಸವೇ? ನಾಲಗೆ ನೆಟ್ಟಗಿದ್ದವರು ಒಂದು ನಿಮಿಷದಲ್ಲಿ ಮುಗಿಸುವುದನ್ನು ಇವನು ಕಾಲಿನಲ್ಲಿ, ಕುದುರೆಯಲ್ಲಿ, ಟ್ರಾಮಿನಲ್ಲಿ ಹೇಳುತ್ತಿದ್ದಾನೆ. ಈ 20 ನಿಮಿಷದ ಓಟ ಅವನ ಒಂದು ವಾಕ್ಯ. ಉಗ್ಗಿ ಉಗ್ಗಿ, ತಡೆದು ತಡೆದು, ಗಾಡಿಯಿಂದ ಗಾಡಿಗೆ ಹಾರಿ, ಕೊನೆಗೂ ಪೂರ್ತಿಯಾಗುವ ವಾಕ್ಯ!

ಮದುವೆ ಮನೆಗೆ ನುಗ್ಗುತ್ತಾನೆ. ಎಲ್ಲರೂ ತಿರುಗಿ ನೋಡುತ್ತಾರೆ. ಬಾಯಿ ತೆರೆಯುತ್ತಾನೆ. ತುಟಿ, ಗದ್ದ, ಕತ್ತು, ಭುಜ. ಬರುವುದಿಲ್ಲ! ಅಷ್ಟು ದೂರ ಓಡಿ ಬಂದು ಅಲ್ಲಿ ನಿಂತವನಿಗೆ ಮಾತು ಬರುವುದಿಲ್ಲ. ಸುತ್ತ ಎಲ್ಲೂ ಸೀಟಿಯಿಲ್ಲ. ದೊಡ್ಡಮ್ಮ ನನ್ನ ಮೊಣಕೈ ಹಿಡಿದುಕೊಂಡರು, ಬಿಗಿಯಾಗಿ. ಆಗ ಹೆರಾಲ್ಡ್ ಮಾತು ಬಿಟ್ಟುಬಿಡುತ್ತಾನೆ. ಮೇರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಡುತ್ತಾನೆ. 1967ರಲ್ಲಿ ‘ದ ಗ್ರ್ಯಾಜುಯೇಟ್’ ಚಿತ್ರದ ಹುಡುಗ ಮದುವೆಯಿಂದ ಹುಡುಗಿಯನ್ನು ಕರೆದೊಯ್ದಾಗ ಜಗತ್ತೆಲ್ಲ ಬೆರಗಾಯಿತು. ಅದಕ್ಕೆ 43 ವರ್ಷ ಮೊದಲೇ ಈ ಟೈಲರ್ ಹುಡುಗ ಅದನ್ನು ಮಾಡಿ ಮುಗಿಸಿದ್ದ.

ಹೊರಗೆ ಬಂದ ಮೇಲೂ ಒಂದು ಕೆಲಸ ಬಾಕಿ. ಹುಡುಗಿಯನ್ನು ತಂದಾಯಿತು, ಕೇಳುವುದು ಆಗಿಲ್ಲ. ಕೇಳಲು ಬಾಯಿ ತೆರೆದರೆ ಮತ್ತೆ ಅದೇ ಗಂಟು. ಅಲ್ಲಿ ಒಂದು ಸೀಟಿ ಬೇಕು. ಅದು ಎಲ್ಲಿಂದ ಬರುತ್ತದೆ ಎಂದು ನಾನು ಹೇಳುವುದಿಲ್ಲ. ದೊಡ್ಡಮ್ಮ ಚಪ್ಪಾಳೆ ತಟ್ಟಿದ್ದನ್ನು ಮಾತ್ರ ಹೇಳುತ್ತೇನೆ, ರಾತ್ರಿ ಒಂದು ಗಂಟೆಗೆ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗ.

ಅಮೆರಿಕದಲ್ಲಿ 1924ರ ಚಿತ್ರಗಳ ಹಕ್ಕುಸ್ವಾಮ್ಯ 2020ರ ಜನವರಿ 1ಕ್ಕೆ ಮುಗಿಯಿತು. ಅಲ್ಲಿ ‘ಗರ್ಲ್ ಶೈ’ ಈಗ ಎಲ್ಲರದ್ದು, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ. ಒಂದೂ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೊದಲ ಹತ್ತು ನಿಮಿಷ ನಿಧಾನ ಎನಿಸಬಹುದು, ತಾಳಿಕೊಳ್ಳಿ. ಫೋನಿನಲ್ಲಿ ಬೇಡ, ಸ್ವಲ್ಪ ದೊಡ್ಡ ಪರದೆಯಲ್ಲಿ ನೋಡಿ, ಮುಖಗಳು ಕಾಣಬೇಕು. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಪಕ್ಕದವರಿಗೆ ಕನ್ನಡದಲ್ಲಿ ಹೇಳಿ, ಸಿನಿಮಾಕ್ಕೆ ಅದರಿಂದ ಒಂದಿಷ್ಟೂ ಭಂಗ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಅವರನ್ನೇ ಮೊದಲು ಕರೆದು ಕೂರಿಸಿಕೊಳ್ಳಿ. ಹೆರಾಲ್ಡ್ ರೈಲು ತಪ್ಪಿಸಿಕೊಂಡ ಮೇಲೆ ಮಾತ್ರ ಯಾರೂ ನೀರು ಕುಡಿಯುವುದಕ್ಕೂ ಏಳಬೇಡಿ.